ಪಂಪ್‌ಸೆಟ್ ಮನೆಯ ವಿಳಾಸ

ಗಣತಿಗೆಂದು ಗುತ್ತಿಗೆಯ ಮೇಲೆ ಸೇರಿದ್ದ ನಮಗೆ ಕೊಟ್ಟಿದ್ದ ಟ್ಯಾಬ್‌ನಲ್ಲಿ ಇಪ್ಪತ್ತೊಂಬತ್ತು ಕಾಲಂಗಳಿದ್ದವು. ಹನ್ನೊಂದನೆಯದು 'ಹಾಲಿ ವಾಸದ ವಿಳಾಸ'. ಅದರ ಪಕ್ಕದಲ್ಲಿ ಕೆಂಪು ನಕ್ಷತ್ರದ ಗುರುತಿತ್ತು; ಎಂದರೆ ಮನೆ ಸಂಖ್ಯೆಯನ್ನು ತುಂಬದ ಹೊರತು ಮುಂದಿನ ಪುಟ ತೆರೆಯುವುದಿಲ್ಲ. ನಾನು ಮಾಡಿದ ತಪ್ಪು ಈ ಹನ್ನೊಂದನೆಯ ಕಾಲಂನಲ್ಲಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಓದಿದವರು ನಾನು ಆರಂಭದಿಂದಲೂ ಧೈರ್ಯವಂತೆಯಾಗಿದ್ದೆನೆಂದು ತಿಳಿಯಬಾರದು.

ಕೆಲಸ ಇಷ್ಟು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊರರಾಜ್ಯಗಳಿಂದ ಬಂದು ಗದ್ದೆ, ತೋಟ ಮತ್ತು ಮನೆಗಳಲ್ಲಿ ದುಡಿಯುತ್ತಿರುವ, ಆದರೆ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದವರನ್ನು ಹುಡುಕಿ ನೋಂದಾಯಿಸಬೇಕು. ನೋಂದಣಿಯಾದವರಿಗೆ ಒಂದು ಕಾರ್ಮಿಕ ಚೀಟಿ ಬರುತ್ತದೆ. ಅದರಿಂದ ದೊಡ್ಡ ಸೌಲಭ್ಯವೇನೂ ಸಿಗದು. ಆದರೆ ಯಾರಾದರೂ ದಾರಿಯಲ್ಲಿ ತಡೆದು 'ನೀನು ಯಾರು, ಎಲ್ಲಿರುವೆ' ಎಂದು ಕೇಳಿದರೆ ತೋರಿಸಲು ಒಂದು ಕಾಗದವಿರುತ್ತದೆ. ಆ ದಿನಗಳಲ್ಲಿ ಆ ಪ್ರಶ್ನೆಯನ್ನು ಎಲ್ಲರೂ ಕೇಳತೊಡಗಿದ್ದರು. ಹಿಂದಿನ ತಿಂಗಳು ಕಬ್ಬು ಕಡಿಯುವ ಗುಂಪೊಂದನ್ನು ದಾಖಲೆ ಪರಿಶೀಲನೆಗೆಂದು ಟೆಂಪೊದಲ್ಲಿ ಕರೆದೊಯ್ದು ನಾಲ್ಕು ದಿನ ಒಂದು ಛತ್ರದಲ್ಲಿ ಕೂರಿಸಿದ್ದರು. ಬಿಟ್ಟ ಮೇಲೆ ಅವರಲ್ಲಿ ಅರ್ಧದಷ್ಟು ಜನ ಹಿಂದಿರುಗಲೇ ಇಲ್ಲ.

ಮೊದಲ ದಿನವೇ ತೊಡಕು ಎದುರಾಯಿತು. ನಾನು ಕಂಡವರಲ್ಲಿ ಬಹುಪಾಲು ಜನರಿಗೆ ಮನೆ ಸಂಖ್ಯೆ ಇರಲಿಲ್ಲ. ಅವರು ವಾಸವಾಗಿದ್ದದ್ದು ಪಂಪ್‌ಸೆಟ್ ಮನೆಗಳಲ್ಲಿ. ಎಂಟಡಿ ಉದ್ದ, ಆರಡಿ ಅಗಲದ ಗಾರೆಯ ಗೂಡು. ಒಂದು ಮೂಲೆಯಲ್ಲಿ ಮೋಟಾರು ಮತ್ತು ಸ್ಟಾರ್ಟರ್ ಪೆಟ್ಟಿಗೆ, ಉಳಿದ ಜಾಗದಲ್ಲಿ ಚಾಪೆ, ಒಲೆ, ಹಗ್ಗದ ಮೇಲೆ ಬಟ್ಟೆ. ಕರೆಂಟು ಬಂದರೆ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ನಾವು ಹೊರಗೆ ಬದುವಿನ ಮೇಲೆ ಕುಳಿತು ಕಾಲಂಗಳನ್ನು ತುಂಬುತ್ತಿದ್ದೆವು.

ಜೊತೆಯ ಗಣತಿದಾರರು ಮನೆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಹಾಕಿದರು. ನನಗೆ ಕೈ ಬರಲಿಲ್ಲ. ಕಾಲೇಜಿನಲ್ಲಿದ್ದಾಗ ನನ್ನ ವಿದ್ಯಾರ್ಥಿವೇತನದ ಅರ್ಜಿ ಒಮ್ಮೆ ತಿರಸ್ಕೃತವಾಗಿತ್ತು. 'ತಂದೆಯ ಉದ್ಯೋಗ' ಎಂಬಲ್ಲಿ ಅಡ್ಡಗೆರೆ ಎಳೆದಿದ್ದೆನೆಂಬುದೇ ಕಾರಣ. ತಂದೆ ತೀರಿಕೊಂಡಿದ್ದರೆ ಏನು ಬರೆಯಬೇಕೆಂದು ನನಗೆ ತಿಳಿದಿರಲಿಲ್ಲ, ಕೇಳಲು ಮನೆಯಲ್ಲಿ ಓದಿದವರಿರಲಿಲ್ಲ. ಅಂದಿನಿಂದ ಖಾಲಿ ಕಾಲಂ ಕಂಡರೆ ನನಗೆ ಭಯ. ಮೇಲ್ವಿಚಾರಕರಿಗೆ ಫೋನು ಮಾಡಿದೆ. "ಯಾವುದಾದ್ರೂ ಲೋಕಲ್ ಅಡ್ರೆಸ್ ಹಾಕಮ್ಮ, ಅದಕ್ಕೂ ಫೋನ್ ಮಾಡ್ತಾರಾ?" ಎಂದರು.

ನನಗೆ ಸರಿಯಾಗಿ ಗೊತ್ತಿದ್ದ ಸ್ಥಳೀಯ ವಿಳಾಸ ಒಂದೇ, ತೊಣ್ಣೂರಿನ ಬಳಿಯ ನಮ್ಮೂರಿನ ನಮ್ಮ ಮನೆಯದು. ಚೀಟಿ ಅಂಚೆಯಲ್ಲಿ ಬಂದರೆ ನಾನೇ ಒಯ್ದು ತಲುಪಿಸಬಹುದೆಂದು ಯೋಚಿಸಿದೆ. ಹೀಗೆ ನಾಲ್ಕು ತಾಲ್ಲೂಕುಗಳ ಮೂವತ್ತೆಂಟು ಜನರನ್ನು, ಒಂದು ಕೋಣೆಯೂ ಒಂದು ಅಡುಗೆಮೂಲೆಯೂ ಇರುವ ನಮ್ಮ ಜನತಾ ಮನೆಯೊಳಗೆ ತುಂಬಿಸಿಬಿಟ್ಟೆ.

ಸೊನ್ನೆ ಹಾಕಿದ ಅರ್ಜಿಗಳು ಅಪೂರ್ಣವೆಂದು ಬದಿಗೆ ಸರಿದವು. ನನ್ನವು ಸಂಶಯಾಸ್ಪದವೆಂದು ಮೇಲಕ್ಕೆ ಬಂದವು.

ಒಂದು ಮಧ್ಯಾಹ್ನ ಪರಿಶೀಲನೆಗಾಗಿ ಒಬ್ಬರು ಕಡತ ಹಿಡಿದು ನಮ್ಮ ಮನೆಗೇ ಬಂದರು. ನಾನು ಇರಲಿಲ್ಲ. ಅವ್ವ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಇಲ್ಲಿ ಮೂವತ್ತೆಂಟು ಜನ ವಾಸವಾಗಿದ್ದಾರೆಯೇ?" ಎಂದು ಅವರು ಕೇಳಿದರಂತೆ.

"ಮೂವತ್ತೆಂಟು ಜನವಾ? ನಾವಿಬ್ರೂ ಒಟ್ಗೆ ಕಾಲ್ ಚಾಚುದ್ರೆ ಗ್ವಾಡೆ ತಗಲ್ತದೆ ಕಣಪ್ಪಾ! ಯಾವನ್ಲಾ ಅಂಗೆ ಬರ್ದೋನು, ಅವ್ನ ಕರ್ಕೊಂಬಾ, ಇಲ್ಲೇ ಮಲಗುಸ್ತೀನಿ" ಎಂದಳಂತೆ ಅವ್ವ. ಬರೆದವಳು ತನ್ನ ಮಗಳೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬುಧವಾರ. ಪಾಂಡವಪುರದ ಕಚೇರಿಯಲ್ಲಿ ಮೇಲ್ವಿಚಾರಕರು ಒಂದು ಟೈಪು ಮಾಡಿದ ಪತ್ರವನ್ನು ನನ್ನ ಮುಂದೆ ಸರಿಸಿದರು. 'ಸದರಿ ಮೂವತ್ತೆಂಟು ಹೆಸರುಗಳನ್ನು ನಾನು ಸ್ಥಳ ಪರಿಶೀಲನೆ ಮಾಡದೆ ಸೃಷ್ಟಿಸಿರುತ್ತೇನೆ' ಎಂದು ಅದರಲ್ಲಿತ್ತು.

"ಸೋಮವಾರದೊಳಗೆ ಸಹಿ ಹಾಕ್ಕೊಡಮ್ಮ. ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರೆ, ಕೆಲಸ ಉಳಿಯತ್ತೆ."

"ಆ ಜನ ಏನಾಗುತ್ತಾರೆ ಸರ್?"

"ಹೆಸರು ತೆಗೀತೀವಿ. ತೆಗೆದ ಹೆಸರುಗಳ ಪಟ್ಟಿ ಠಾಣೆಗೆ ಹೋಗತ್ತೆ. ಅಲ್ಲಿಂದಾಚೆಗೆ ನಮ್ಮ ಕೆಲಸ ಅಲ್ಲ."

ನಾನು ಪತ್ರವನ್ನು ಎರಡು ಬಾರಿ ಓದಿದೆ. ವ್ಯಾಕರಣದ ತಪ್ಪೇನೂ ಇರಲಿಲ್ಲ. ನನ್ನ ಬಳಿ ಪೆನ್ನಿತ್ತು; ನಿಜ ಹೇಳಬೇಕೆಂದರೆ ಅದನ್ನು ತೆರೆದೂ ಇದ್ದೆ. 'ಸೃಷ್ಟಿಸಿರುತ್ತೇನೆ' ಎಂಬ ಪದ ನನ್ನನ್ನು ತಡೆಯಿತು. ವಿಳಾಸ ಸುಳ್ಳು, ಅದು ನನ್ನದು. ಜನರು ಸುಳ್ಳಲ್ಲ. ಅವರ ಕೈಯಿಂದ ನಾನು ಚಹಾ ಕುಡಿದಿದ್ದೆ. ಯೋಚಿಸಿ ಬರುತ್ತೇನೆಂದು ಹೇಳಿ ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಮೂವತ್ತೆಂಟು ಜನರಲ್ಲಿ ನಾನು ಮೊದಲು ಮುಖ ತೋರಿಸಬೇಕಾಗಿದ್ದದ್ದು ನಮ್ಮೂರಿನಲ್ಲೇ ಇದ್ದ ಒಬ್ಬ ಹೆಂಗಸಿಗೆ. ಬಂಗಾಳದ ಕಡೆಯವಳು. ಅವಳ ಮತದಾರರ ಚೀಟಿಯಲ್ಲಿದ್ದ ಊರನ್ನು ನದಿ ಕೊರೆದು ತೆಗೆದುಕೊಂಡಿತ್ತು, ಹಿಂದಿರುಗಲು ಜಾಗವಿರಲಿಲ್ಲ. ಆರು ವರ್ಷಗಳಿಂದ ನಮ್ಮೂರಿನ ಯಜಮಾನರೊಬ್ಬರ ಗದ್ದೆಯ ಪಂಪ್‌ಸೆಟ್ ಮನೆಯಲ್ಲಿದ್ದಳು. ಗಂಡ ಗದ್ದೆ ನೋಡಿಕೊಳ್ಳುತ್ತಿದ್ದ. ಅವಳು ಯಜಮಾನರ ಮನೆಯಲ್ಲಿ ಕಸ, ಮುಸುರೆ, ಬಟ್ಟೆಯ ಕೆಲಸ ಮಾಡಿ, ಹಾಸಿಗೆ ಹಿಡಿದಿದ್ದ ಅವರ ತಾಯಿಯನ್ನೂ ನೋಡಿಕೊಳ್ಳುತ್ತಿದ್ದಳು. ಅವಳಿಗೂ ಮುಂಚೆ ಅದೇ ಮನೆಯ ಅದೇ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳು ನಮ್ಮವ್ವ. ಮಂಡಿ ಕೆಟ್ಟ ಮೇಲೆ ಬಿಟ್ಟಳು.

ಗುರುವಾರ ಬೆಳಿಗ್ಗೆ ಹೋದಾಗ ಅವಳು ಕಾಲುವೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಲೈನ್‌ಮನ್ ಒಬ್ಬರು ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ಕುಳಿತಿದ್ದರು. ನಾನು ತಪ್ಪೊಪ್ಪಿಕೊಂಡೆ. ಬರೆದುಕೊಂಡು ಅಭ್ಯಾಸ ಮಾಡಿದ್ದ ವಾಕ್ಯಗಳು ಅರ್ಧಕ್ಕೇ ನಿಂತವು.

"ಅಂಗಾರೆ ನಾನು ನಿಮ್ಮನೇಲಿ ಇವ್ನಾ ಅಕ್ಕಾ? ಮೊದ್ಲೇ ಏಳಿದ್ರೆ ಬಂದು ಊಟ ಆದ್ರೂ ಮಾಡ್ತಿದ್ದೆ" ಎಂದು ನಕ್ಕಳು. ಆರು ವರ್ಷದಲ್ಲಿ ಅವಳ ಕನ್ನಡ ನನ್ನದಕ್ಕಿಂತ ಹೆಚ್ಚು ನಮ್ಮೂರಿನದಾಗಿತ್ತು. ಠಾಣೆಯ ವಿಷಯ ಹೇಳಿದಾಗ ನಗು ನಿಂತಿತು. "ಎಲ್ಲಿಗೆ ಕಳುಸ್ತಾರೆ? ನಂಗೆ ಓಗಕ್ಕೆ ಊರೇ ಇಲ್ವಲ್ಲಾ" ಎಂದಳು.

ಲೈನ್‌ಮನ್ ತಲೆಯೆತ್ತದೆಯೇ ಕೇಳಿದರು. "ಏನಮ್ಮಿ, ಈ ಜಾಗಕ್ಕೆ ವಿಳಾಸ ಇಲ್ಲ ಅಂದೋನ್ ಯಾವನು?"

"ಮನೆ ನಂಬರ್ ಇಲ್ವಲ್ಲ ಅಣ್ಣ."

"ಅಲ್ನೋಡು" ಎಂದು ಸ್ಕ್ರೂಡ್ರೈವರಿನಿಂದ ಗೋಡೆ ತೋರಿಸಿದರು. ನೀಲಿ ಎಣ್ಣೆಬಣ್ಣದಲ್ಲಿ ಅಂಗೈಯಗಲದ ಅಕ್ಷರಗಳೂ ಅಂಕಿಗಳೂ ಇದ್ದವು. ವಿದ್ಯುತ್ ಸಂಪರ್ಕವಿರುವ ಪ್ರತಿ ಪಂಪ್‌ಸೆಟ್ಟಿಗೂ ಕೊಡುವ ಆರ್.ಆರ್. ನಂಬರು ಅದು. ಹುಟ್ಟಿದಾಗಿನಿಂದ ಗದ್ದೆಬಯಲಿನಲ್ಲಿ ನೋಡುತ್ತಲೇ ಬಂದಿದ್ದೆ; ಓದಿರಲಿಲ್ಲ. "ಈ ನಂಬರ್ ಇಡ್ಕೊಂಡು ನಮ್ಮ ಆಫೀಸ್ಗೋಗು. ಮೋಟ್ರು ಯಾರ್ದು, ಸರ್ವೆ ನಂಬರ್ ಯಾವ್ದು, ಯಾವ ಕಂಬದಿಂದ ಲೈನ್ ಬಂದದೆ, ಎಲ್ಲಾ ಏಳ್ತಾರೆ. ಮೋಟ್ರಿಗಿರೋವಷ್ಟು ದಾಖ್ಲೆ ಮನ್ಸಂಗಿಲ್ಲ ಕಣಮ್ಮಿ ಈ ಊರಲ್ಲಿ."

"ಮೋಟ್ರು ಸುಟ್ಟೋದ್ರೆ ಅಣ್ಣ ಅವತ್ತೇ ಬತ್ತಾನೆ. ನಂಗೆ ಜ್ವರ ಬಂದ್ರೆ ಯಾರೂ ಬರಕಿಲ್ಲ" ಎಂದಳು ಅವಳು, ಬೋಗುಣಿಯನ್ನು ಕವುಚಿಡುತ್ತ.

ನಾನು ಅಲ್ಲೇ ಚೀಲದಿಂದ ಗಣತಿಯ ಕೈಪಿಡಿ ತೆಗೆದೆ. ತರಬೇತಿಯಲ್ಲಿ ಯಾರೂ ಓದದ ಕೊನೆಯ ಪುಟಗಳಲ್ಲಿ, ಹನ್ನೊಂದನೆಯ ಕಾಲಂನ ಕೆಳಗೆ ಸಣ್ಣಕ್ಷರದ ಟಿಪ್ಪಣಿಯಿತ್ತು: ಮನೆ ಸಂಖ್ಯೆ ಇಲ್ಲದಿದ್ದಲ್ಲಿ, ಸರ್ಕಾರಿ ದಾಖಲೆಯಿಂದ ಗುರುತಿಸಬಹುದಾದ ಯಾವುದೇ ಸ್ಥಿರ ಕಟ್ಟಡದ ಸಂಖ್ಯೆಯನ್ನು ನಮೂದಿಸಬಹುದು. ಮೂರು ಸಲ ಓದಿದೆ. ಪಂಪ್‌ಸೆಟ್ ಮನೆ ಕಟ್ಟಡವೇ? ಗೋಡೆ, ಸೂರು, ಬಾಗಿಲು ಇವೆ. ಸ್ಥಿರವೇ? ಹೌದು. ದಾಖಲೆಯಲ್ಲಿದೆಯೇ? ಲೈನ್‌ಮನ್ ಹೇಳಿದಂತೆ ಮನುಷ್ಯನಿಗಿಂತ ಹೆಚ್ಚಾಗಿದೆ.

ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ನಾನು ನಿರ್ಧರಿಸಿದ್ದು ಆ ಕಾಲುವೆಯ ಏರಿಯ ಮೇಲೆ.

ಉಳಿದದ್ದು ಮೂರು ದಿನ. ಕ್ರಮವನ್ನು ನಾನೇ ರೂಪಿಸಿಕೊಂಡೆ. ಪ್ರತಿಯೊಬ್ಬರನ್ನೂ ಅವರು ವಾಸವಿರುವ ಪಂಪ್‌ಸೆಟ್ ಮನೆಯ ಮುಂದೆ ನಿಲ್ಲಿಸಿ, ಮುಖವೂ ಗೋಡೆಯ ಸಂಖ್ಯೆಯೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯುವುದು. ಸಂಖ್ಯೆಯನ್ನು ಕಾಗದದಲ್ಲೂ ಬರೆದುಕೊಂಡು, ಆಯಾ ಊರಿನ ಲೈನ್‌ಮನ್‌ಗೆ ಓದಿ ಹೇಳಿ ಸರಿಯಿದೆಯೇ ಎಂದು ತಾಳೆ ನೋಡುವುದು. ನಂತರವೇ ತಿದ್ದುಪಡಿ ನಮೂನೆ ತುಂಬಿ, ಅವರಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದು.

ಶುಕ್ರವಾರ ಶ್ರೀರಂಗಪಟ್ಟಣದ ಕಡೆ ನಾಟಿ ಹಾಕುವ ಗುಂಪು. ಮೊಣಕಾಲವರೆಗಿನ ಕೆಸರಿನಿಂದ ಒಬ್ಬೊಬ್ಬರೇ ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. "ಮೇಡಂ, ಮದ್ವೇಲೂ ಇಷ್ಟು ಫೋಟೋ ತೆಗ್ದಿಲ್ಲ" ಎಂದ ಅವರ ಮೇಸ್ತ್ರಿ. ಮುಗಿದೊಡನೆ ಮತ್ತೆ ಸಾಲಿಗೆ ಇಳಿದು, ಬಾಗಿ, ಹಿಂದಕ್ಕೆ ನಡೆಯುತ್ತ ಪೈರು ಊರತೊಡಗಿದರು. ಮಧ್ಯಾಹ್ನದ ನಂತರ ಬಸ್ಸು ಹಿಡಿದು ಕಿಕ್ಕೇರಿಗೆ ಹೋದೆ. ಅಲ್ಲಿ ಕಬ್ಬಿನ ತೋಟದ ಯಜಮಾನರು ತಡೆಯಬಹುದೆಂದು ಹೆದರಿದ್ದೆ. ಅವರು ಮಂಚದ ಮೇಲೆ ಕುಳಿತೇ, "ಬರ್ಕೊಳಮ್ಮ. ಇಲ್ಲಿರೋರ್ನ ಇಲ್ಲಾ ಅನ್ನಕ್ಕೆ ನಂಗೇನ್ ಉಚ್ಚಾ?" ಎಂದರು. ಅಂಥವರೂ ಇದ್ದಾರೆಂಬುದನ್ನು ದಾಖಲಿಸುವುದು ನನ್ನ ಕರ್ತವ್ಯ.

ಶನಿವಾರ ನಾಗಮಂಗಲದಿಂದ ಬಿಂಡಿಗನವಿಲೆಯ ಬಸ್ಸು. ಮಳೆಯನ್ನೇ ನೆಚ್ಚಿದ ಹೊಲಗಳ ನಡುವೆ ಒಂದು ಕೊಳವೆಬಾವಿಯ ತೋಟ, ಅಲ್ಲಿ ನಾಲ್ವರಿದ್ದರು. ಪಂಪ್‌ಸೆಟ್ ಮನೆಯ ನಾಲ್ಕೂ ಕಡೆ ಸುತ್ತಿದೆ, ಸಂಖ್ಯೆ ಕಾಣಲಿಲ್ಲ. ತೋಟದವರನ್ನು ಕೇಳಿದೆ.

"ಕನೆಕ್ಸನ್ನೇ ಇನ್ನೂ ಅಕ್ರಮ ಕಣವ್ವಾ. ಸಕ್ರಮಕ್ಕೆ ಅರ್ಜಿ ಆಕಿ ಕಾಯ್ತಾ ಇವ್ನಿ. ಮೋಟ್ರೇ ಸಕ್ರಮ ಆಗಿಲ್ಲ, ಇವ್ರನ್ನ ಎಲ್ಲಿ ಮಾಡೀಯೆ?" ಎಂದು ಜೋರಾಗಿ ನಕ್ಕರು. ಆ ನಾಲ್ವರೂ ಅರ್ಥವಾಗದಿದ್ದರೂ ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಟ್ರಾನ್ಸ್‌ಫಾರ್ಮರಿನ ಕಂಬದ ಸಂಖ್ಯೆಯನ್ನು ಬರೆದು, 'ಈ ಕಂಬದಿಂದ ಪೂರ್ವಕ್ಕೆ ಎಂಬತ್ತು ಹೆಜ್ಜೆ' ಎಂದು ಸೇರಿಸಿದೆ. ಹೆಜ್ಜೆಗಳನ್ನು ಎರಡು ಬಾರಿ ಎಣಿಸಿದೆ.

ಭಾನುವಾರಕ್ಕೆ ಉಳಿದದ್ದು, ಹತ್ತಿರದ್ದೆಂದು ಕೊನೆಗೆ ಇಟ್ಟುಕೊಂಡಿದ್ದ ನಮ್ಮೂರು. ಅಷ್ಟರಲ್ಲಿ ಸುದ್ದಿ ಹರಡಿತ್ತು. ಯಜಮಾನರು ಬೆಳಿಗ್ಗೆಯೇ ಕರೆಸಿದರು. ನಾನು ಜಗಲಿಯ ಕೆಳಗೆ ನಿಂತೆ. ಆ ಜಗಲಿ ಹತ್ತಿ ನನಗೆ ಅಭ್ಯಾಸವಿಲ್ಲ.

"ನಮ್ಮ ಮೋಟ್ರು ನಂಬರ್ ಬರ್ಕೊತೀಯಂತೆ?"

"ಹೌದು ಯಜಮಾನ್ರೆ. ಅವರು ಅಲ್ಲಿ ವಾಸವಾಗಿರುವುದಕ್ಕೆ."

"ಇವತ್ತು ನಂಬರ್ ಬರೀತೀಯ. ನಾಳಿಕೆ ಅವ್ರು ನಮ್ಮ ಆಳು ಅಂತ ರೆಕಾರ್ಡಾಯ್ತದೆ. ನಾಳಿದ್ದು ಆಫೀಸರು ಬಂದು ನನ್ನ ಕೇಳ್ತಾರೆ. ನಾನ್ ಯಾಕ್ಲಾ ಉತ್ತರ ಕೊಡ್ಲಿ?" ಕೊನೆಯ ಮಾತು ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ. ಅನಂತರ ನನ್ನ ಕಡೆ ತಿರುಗಿದರು. "ನಿಮ್ಮವ್ವ ಈ ಮನೆ ಮುಸ್ರೆ ತಿಕ್ಕೇ ನಿನ್ನ ಬಿ.ಎ. ಓದ್ಸಿದ್ದು. ಗ್ಯಾಪಕ ಮಡೀಕೊ."

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ, ಮೂವತ್ತೆಂಟು ಜನರನ್ನು ಅವಳ ಮನೆಗೆ ತುಂಬಿಸಿದವಳು ನಾನೇ ಎಂಬುದನ್ನೂ.

"ಓದ್ಸಿದ್ದು ನಾನು. ಆ ಮನೆಯಲ್ಲ" ಎಂದಳು ಅವ್ವ. "ಹತ್ತೊಂಬತ್ ವರ್ಸ ತಿಕ್ಕಿದ್ನಲ್ಲಾ, ಎಲ್ಲಾದ್ರೂ ನನ್ನ ಹೆಸ್ರು ಬರ್ದವ್ರಾ? ಇವತ್ತು ನೀನು ಅಂಥೋಳ್ದೊಂದು ಹೆಸ್ರು ಬರಿಯಕ್ಕೆ ಹೋದ್ರೆ ಅವ್ರಿಗೆ ಉರಿ. ನಡಿ, ನಾನೂ ಬತ್ತೀನಿ."

ಅವ್ವನ ಮಂಡಿಯ ವೇಗಕ್ಕೆ ನಡೆದು ನಾವು ಗದ್ದೆ ತಲುಪುವಷ್ಟರಲ್ಲಿ ಪಂಪ್‌ಸೆಟ್ ಮನೆಯ ಗೋಡೆ ಬೆಳ್ಳಗಾಗಿತ್ತು. ಯಾರನ್ನೋ ಕಳುಹಿಸಿ ಸುಣ್ಣ ಬಳಿಸಿದ್ದರು. ಉಳಿದ ಮೂರು ಗೋಡೆಗಳು ಹಳೆಯ ಪಾಚಿಯ ಬಣ್ಣದಲ್ಲೇ ಇದ್ದವು; ಸಂಖ್ಯೆಯಿದ್ದ ಗೋಡೆ ಮಾತ್ರ ಹಸಿ ಸುಣ್ಣದಿಂದ ಹೊಳೆಯುತ್ತಿತ್ತು.

ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳಿಗೆ ಸ್ಪಷ್ಟವಾಗಿ ಹೇಳಬೇಕಾಗಿತ್ತು, ಹೇಳಿದೆ: ಈ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಯಜಮಾನರು ಕೆಲಸದಿಂದ ಬಿಡಿಸಬಹುದು. ಬೇಡವೆಂದರೆ ನಾನು ಒತ್ತಾಯಿಸುವುದಿಲ್ಲ. ಆದರೆ ಆಗ ಹೆಸರು ಪಟ್ಟಿಯಿಂದ ಹೋಗುತ್ತದೆ.

ಅವಳು ಬಳಸಿದ ಶಬ್ದವನ್ನು ಬದಲಿಸದೆ ಬರೆಯುತ್ತಿದ್ದೇನೆ. "ಆರ್ ವರ್ಸದಿಂದ ಅವ್ರಮ್ಮನ ಕುಂಡಿ ತೊಳಿತಾ ಇವ್ನಿ ಅಕ್ಕಾ. ನಾನಿಲ್ಲ ಅಂದ್ರೆ ಅದನ್ನ ತೊಳ್ದೋರು ಯಾರು?"

ಅಷ್ಟು ಹೇಳಿ ಒಳಗೆ ಹೋಗಿ ತೆಂಗಿನ ನಾರು ಮತ್ತು ಬೂದಿಯ ಡಬ್ಬ ತಂದಳು. ಗೋಡೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದಳು. "ಎಣ್ಣೆ ಬಣ್ಣದ್ ಮ್ಯಾಲೆ ಸುಣ್ಣ ನಿಲ್ಲಕಿಲ್ಲ" ಎಂದಳು. ಅವ್ವ ತಲೆಯಾಡಿಸಿದಳು, ಆ ಇಬ್ಬರಿಗೂ ಗೊತ್ತಿದ್ದ ವಿಷಯ ಅದು. ಅವ್ವ ಕಾಲುವೆಯಿಂದ ಬಿಂದಿಗೆಯಲ್ಲಿ ನೀರು ತಂದು ಎರೆದಳು, ಆ ಹೆಂಗಸು ತಿಕ್ಕಿದಳು. ತಳ ಹತ್ತಿದ ಪಾತ್ರೆಯನ್ನು ತಿಕ್ಕುವ ಹಾಗೆ, ಭುಜದಿಂದ ಬಲ ಹಾಕಿ, ಸುತ್ತಿ ಸುತ್ತಿ. "ಮೂಲೆಗೆ ವಸಿ ಬೂದಿ ಆಕು" ಎಂದು ಅವ್ವ ಹಳೆಯ ಅಧಿಕಾರದಿಂದ ಹೇಳಿಕೊಟ್ಟಳು. ಸುಣ್ಣದ ನೀರು ಹಾಲಿನಂತೆ ಇಳಿದು ಅವರ ಪಾದಗಳನ್ನು ಬೆಳ್ಳಗೆ ಮಾಡಿತು. ಮೊದಲು ಒಂದು ಅಂಕಿಯ ಬಾಲ, ಆಮೇಲೆ ಇಡೀ ಸಂಖ್ಯೆ ನೀಲಿಯಾಗಿ ಮೇಲೆದ್ದು ಬಂತು.

ನಾನು ಫೋಟೊ ತೆಗೆದೆ, ಮೊದಲು ಗದ್ದೆಯಿಂದ ಬಂದು ಹೋದ ಗಂಡನದು, ಆಮೇಲೆ ಅವಳದು. ಅವಳು ಕೈಯಲ್ಲಿ ನಾರನ್ನು ಹಿಡಿದೇ ನಿಂತಿದ್ದಳು.

ಆಗ ಯಜಮಾನರ ಬೈಕು ಏರಿಯ ಮೇಲೆ ಬಂತು.

"ನಮ್ಮ ಗ್ವಾಡೆ ಮುಟ್ಟಕ್ಕೆ ಏಳ್ದೋರು ಯಾರು?"

"ದಿನಾ ತಿಕ್ತೀನಿ ಅಪ್ಪಾರೆ, ನಿಮ್ಮನೆ ಪಾತ್ರೆ. ಇವತ್ತು ಗ್ವಾಡೆ ತಿಕ್ದೆ" ಎಂದಳು ಅವಳು.

"ನಾಳಿಂದ ನೀನು ಮನೆ ತವಕ್ಕೆ ಬರ್ಬ್ಯಾಡ."

"ಆಯ್ತು. ಅದನ್ನ ನಿಮ್ಮ ಅಮ್ಮಾರ್ಗೆ ನೀವೇ ಏಳ್ಬುಡಿ. ನೀರು ಕಾಯ್ಸಿ, ತಿರುಗ್ಸಿ ಮಲಗ್ಸೋದು ಹೆಂಗೆ ಅಂತ ನಾನು ತೋರುಸ್ಕೊಡ್ತೀನಿ."

ಅವ್ವ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಯಜಮಾನರನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಅವರನ್ನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಬೈಕು ತಿರುಗಿಸಿಕೊಂಡು ಹೋದರು.

ಸೋಮವಾರ ಕಚೇರಿಗೆ ಎರಡು ಕಾಗದಗಳನ್ನು ಒಯ್ದೆ. ಒಂದು, ಸಹಿ ಹಾಕದ ಅವರ ಪತ್ರ. ಇನ್ನೊಂದು ನಾನೇ ಬರೆದದ್ದು: ವಿಳಾಸವನ್ನು ತಪ್ಪಾಗಿ ನಮೂದಿಸಿದವಳು ನಾನು; ಅದಕ್ಕೆ ನಾನೇ ಹೊಣೆ; ಸದರಿ ಮೂವತ್ತೆಂಟು ಜನರೂ ಇದ್ದಾರೆ, ಇಂಥಿಂಥ ಕಡೆ ಇದ್ದಾರೆ, ಪುರಾವೆ ಲಗತ್ತಿಸಿದೆ. ಮೇಲ್ವಿಚಾರಕರು ಫೋಟೊಗಳನ್ನು ಸರಿಸುತ್ತ ಹೋದರು.

"ಮೋಟರ್ ನಂಬರ್ ವಿಳಾಸ ಆಗತ್ತಾ? ಮೇಲಿನವರು ನಗ್ತಾರಮ್ಮ."

ಕೈಪಿಡಿಯ ಆ ಪುಟವನ್ನು ತೆರೆದಿಟ್ಟೆ. "ಮೋಟಾರು ಅಲ್ಲಿದೆ ಎಂದು ನಂಬುತ್ತೀರಿ ಸರ್. ಅದರ ಪಕ್ಕದಲ್ಲಿ ಮಲಗುವವರೂ ಅಲ್ಲಿಯೇ ಇದ್ದಾರೆ. ಇದು ತಪ್ಪಾದರೆ ಕಾರಣವನ್ನು ಬರೆದು ಕೊಡಿ. ಇಲ್ಲವಾದರೆ ಸ್ವೀಕೃತಿಯ ಮೊಹರು ಹಾಕಿಕೊಡಿ." ಈ ಸಲ ವಾಕ್ಯಗಳು ಪೂರ್ಣವಾಗಿದ್ದವು. ಮೊಹರು ಬೀಳುವವರೆಗೂ ಮೇಜಿನ ಮುಂದಿನಿಂದ ಕದಲಲಿಲ್ಲ. ಮಧ್ಯಾಹ್ನ ಊಟಕ್ಕೆ ಎದ್ದವರು ಹಿಂದಿರುಗಿ ಬಂದಾಗಲೂ ನಾನು ಅಲ್ಲಿಯೇ ನಿಂತಿದ್ದೆ. ನಾಲ್ಕು ಗಂಟೆಗೆ ಮೊಹರು ಬಿತ್ತು. ಪಟ್ಟಿ ಠಾಣೆಗೆ ಹೋಗಲಿಲ್ಲ.

ನನ್ನ ಗುತ್ತಿಗೆಯನ್ನು ನವೀಕರಿಸಲಿಲ್ಲ. ಬಿಂಡಿಗನವಿಲೆಯ ನಾಲ್ವರ ಅರ್ಜಿಗಳು ಇನ್ನೂ ಇತ್ಯರ್ಥವಾಗಿಲ್ಲ. ಅವುಗಳ ಪ್ರತಿಗಳನ್ನು ಇಟ್ಟುಕೊಂಡಿದ್ದೇನೆ, ಕೇಳುವುದನ್ನು ಬಿಟ್ಟಿಲ್ಲ. ಯಜಮಾನರು ಆ ಹೆಂಗಸನ್ನು ಕೆಲಸದಿಂದ ಬಿಡಿಸಿದ್ದು ಒಂದೂವರೆ ದಿನ ಮಾತ್ರ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವರ ತಾಯಿಯ ಕೂಗು ಬೀದಿಗೆ ಕೇಳಿಸುತ್ತಿತ್ತಂತೆ.

ಎರಡು ತಿಂಗಳ ನಂತರ, ನಾನು ಪಂಪ್‌ಸೆಟ್ ಮನೆಯ ಮುಂದೆ ಅವಳೊಂದಿಗೆ ಕುಳಿತಿದ್ದಾಗ, ಅಂಚೆಯವರು ಸೈಕಲ್ಲನ್ನು ತಳ್ಳಿಕೊಂಡು ಏರಿಯ ಮೇಲೆ ಬಂದರು. ಆ ಏರಿಗೆ ಅಂಚೆ ಬಂದದ್ದು ಅದೇ ಮೊದಲು. ಅವರು ಕಾರ್ಮಿಕ ಚೀಟಿಯ ಲಕೋಟೆಯನ್ನು ದೂರ ಹಿಡಿದು ಆರ್.ಆರ್. ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿ, ಗೋಡೆಯನ್ನು ನೋಡಿ, ಮತ್ತೆ ಲಕೋಟೆಯನ್ನು ನೋಡಿದರು.

"ಯಾರಮ್ಮ ಇಲ್ಲಿರೋದು?" ಎಂದು ಕೇಳಿದರು.

ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನಾನೆ ಕಣಣ್ಣಾ. ಇಲ್ಲೇ ಇವ್ನಿ."